ಸುಮ್ಮನೆ ನಿಲ್ಲುವ ಸೇವೆ

ರಜೆಗೆಂದು ಹೊನ್ನಾವರಕ್ಕೆ ಹೋದವನು ಬಂಗುಡೆ ಸಾರು ಉಂಡು ಮಲಗಿರಬೇಕಿತ್ತು. ಆದರೆ ಹೆಂಡತಿ ನನ್ನ ಹೆಸರನ್ನು ಆಮೆಮರಿಗಳನ್ನು ಕಡಲಿಗೆ ಬಿಡುವ ಸ್ವಯಂಸೇವಕರ ಪಟ್ಟಿಗೆ ಸೇರಿಸಿಬಿಟ್ಟಿದ್ದಳು. ಹೀಗಾಗಿ ಆಫೀಸಿಗೂ ಏಳದ ಹೊತ್ತಿನಲ್ಲಿ ಎದ್ದು, ಕಾಸರಕೋಡು ಟೊಂಕದ ಮರಳಿನಲ್ಲಿ ಆಕಳಿಸುತ್ತ ನಿಂತೆ. ಆಲಿವ್ ರಿಡ್ಲೆ ಕಡಲಾಮೆಗಳಿಗೆ ಈ ತೀರ ಹೆರಿಗೆಮನೆ. ತಾಯಿ ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ, ತಿರುಗಿಯೂ ನೋಡದೆ ಹೋಗಿಬಿಡುತ್ತಾಳಂತೆ. ನಮ್ಮಲ್ಲಿ ಒಂದು ಮಗುವಿನ ಎಲ್‌ಕೆಜಿ ಸೀಟಿಗೇ ಎರಡೂ ಕಡೆಯ ಅಜ್ಜ-ಅಜ್ಜಿಯರು ಸಭೆ ಸೇರುತ್ತಾರೆ! ಮರಳು ಹೆಚ್ಚು ಬಿಸಿಯಾದರೆ ಹುಟ್ಟುವುದೆಲ್ಲ ಹೆಣ್ಣೇ ಎಂದು ಯಾರೋ ವಿವರಿಸಿದರು. "ನೋಡಿದ್ರಾ, ಸೆಕೆ ತಡೆಯೋರು ನಾವೇ" ಎಂದಳು ನನ್ನವಳು.

ನನ್ನ ಕೆಲಸವೇನೆಂದು ಅರಣ್ಯ ಇಲಾಖೆಯ ಕಾವಲುಗಾರನನ್ನು ಕೇಳಿದೆ. "ಸುಮ್ನೆ ನಿಲ್ಲೋದು ಸಾರ್. ಮುಟ್ಬೇಡಿ, ಟಾರ್ಚ್ ಹಾಕ್ಬೇಡಿ, ಎದುರಿಗೆ ಬರ್ಬೇಡಿ." ಸಂಸಾರದಲ್ಲಿ ನನಗೆ ಈ ತರಬೇತಿ ಚೆನ್ನಾಗಿಯೇ ಆಗಿದೆ.

ಕಾವಲುಗಾರ ಮರಿಗಳ ಬುಟ್ಟಿ ಓರೆ ಮಾಡಿದಾಗ ಬೆರಳುದ್ದವೂ ಇಲ್ಲದ ಬೂದು ಮರಿಗಳು ಉರುಳಿದವು. ಒಂದು ಪುಟಾಣಿ ನನ್ನ ಹೆಜ್ಜೆಯ ಗುಂಡಿಗೇ ಬಿದ್ದು, ಹತ್ತಿತು, ಜಾರಿತು, ಮತ್ತೆ ಹತ್ತಿತು. ಎತ್ತಿ ಕೊಡುವಂತಿಲ್ಲ, ಅದು ತಾನೇ ತೆವಳಬೇಕು. ನಾನು ಉಸಿರು ಬಿಗಿಹಿಡಿದು ಬೆವರುತ್ತಿದ್ದರೆ ಅಲೆಯೊಂದು ಬಂದು ಅದನ್ನು ಎತ್ತಿಕೊಂಡು ಹೋಯಿತು, ಜತೆಗೆ ನನ್ನ ಎಡಗಾಲ ಚಪ್ಪಲಿಯನ್ನೂ.

ನೀವೂ ಹೋಗಿ. ಆದರೆ ಮೊಬೈಲ್ ಬೆಳಕು ಆರಿಸಿಡಿ: ಹೊಳೆಯುವುದೆಲ್ಲ ಕಡಲೆಂದು ನಂಬಿ ಆ ಮರಿಗಳು ನಿಮ್ಮ ಹಿಂದೆಯೇ ಊರಿಗೆ ಹೊರಟಾವು.