ಹಾಡಿಲ್ಲದ ಮನೆಯಲ್ಲಿ ಕೊಲೆ: ‘ಅಂದ ನಾಳ್’ ಕುರಿತ ಒಂದು ಮಹಾಮೀಮಾಂಸೆ

ಮದರಾಸಿನ ಎವಿಎಂ ಸಂಸ್ಥೆ 1954ರ ಏಪ್ರಿಲ್ 13ರಂದು ತೆರೆಗೆ ತಂದ ‘ಅಂದ ನಾಳ್’ ಎಂಬ ತಮಿಳು ಚಿತ್ರದಲ್ಲಿ ರೇಡಿಯೋ ಎಂಜಿನಿಯರ್ ರಾಜನ್ ಗುಂಡೇಟಿಗೆ ಬಲಿಯಾಗುತ್ತಾನೆ. ಜಪಾನಿ ವಿಮಾನವೊಂದು ಮದರಾಸಿನ ಮೇಲೆ ಬಾಂಬು ಹಾಕಿಹೋದ 1943ರ ಅಕ್ಟೋಬರ್ ತಿಂಗಳ ಕಥೆ. ಶಂಕಿತರು ಐವರು: ಹೆಂಡತಿ ಉಷಾ, ತಮ್ಮ ಪಟ್ಟಾಭಿ, ತಮ್ಮನ ಹೆಂಡತಿ ಹೇಮಾ, ಪ್ರೇಯಸಿ ಅಂಬುಜಂ, ನೆರೆಮನೆಯ ಚಿನ್ನಯ್ಯ. ಇವರೆಲ್ಲ ಒಂದೇ ಬಲೆಗೆ ಬಿದ್ದದ್ದು ಹೇಗೆಂದು ಕೇಳಿದರೆ ಪಂಡಿತರು ಕುರೋಸಾವಾನ ‘ರಾಶೋಮನ್’ ಚಿತ್ರದ ಕಡೆ ಕೈತೋರಿಸಿ ಸುಮ್ಮನಾಗುತ್ತಾರೆ. ನಮ್ಮ ಪ್ರಮೇಯವೇ ಬೇರೆ. ಐವರನ್ನೂ ಕಟಕಟೆಗೆ ಎಳೆದು ತಂದದ್ದು ಚಿತ್ರದಲ್ಲಿ ಒಂದೂ ಹಾಡಿಲ್ಲದಿರುವ ಸಂಗತಿ.

ಹಾಡೆಂಬುದು ಅಂದಿನ ಚಿತ್ರಗಳಲ್ಲಿ ನಿರಪರಾಧಿತ್ವದ ರಸೀದಿ. ತೋಟದಲ್ಲಿ ಚರಣ ಮುಗಿಸುತ್ತಿರುವ ಹೆಂಗಸು ಅದೇ ಹೊತ್ತಿಗೆ ಒಳಮನೆಯಲ್ಲಿ ಪಿಸ್ತೂಲು ಹಿಡಿಯಲಾರಳು. ಮರ ಸುತ್ತುತ್ತಿದ್ದ ಮೈದುನನಿಗೆ ಮರವೇ ಸಾಕ್ಷಿ. ಇದಕ್ಕೆ ಪ್ರಬಲ ಪುರಾವೆ ನಮ್ಮ ಭಟ್ಕಳದ ಪಂಢರಿಬಾಯಿ. ಅದೇ 1954ರಲ್ಲಿ, ಹಾಡುಗಳಿದ್ದ ‘ಬೇಡರ ಕಣ್ಣಪ್ಪ’ದಲ್ಲಿ ಆಕೆ ಸಾಧ್ವಿ ನೀಲಾ, ಅಲ್ಲಿ ನಾಯಕ ತನ್ನ ಕಣ್ಣನ್ನೇ ಕಿತ್ತರೂ ಒಬ್ಬ ಪೇದೆ ಬಂದು ವಿಚಾರಿಸಲಿಲ್ಲ. ಹಾಡಿಲ್ಲದ ‘ಅಂದ ನಾಳ್’ನಲ್ಲಿ ಆಕೆಯೇ ಉಷಾ, ಗುಂಡು ಸಿಡಿದದ್ದೂ ಆಕೆಯ ಕೈಯಿಂದಲೇ. (ಏಳು ದಶಕ ಹಳೆಯ ಗುಟ್ಟು ರಟ್ಟಾಯಿತೆಂದು ಯಾರೂ ಮುನಿಯಬಾರದು.) ಗಂಡ ಜಪಾನಿಯರ ಗೂಢಚಾರನಾಗಿದ್ದನೆಂಬ ಕಾರಣವನ್ನು ಚಿತ್ರ ಮುಂದಿಡುತ್ತದೆ. ಅದು ಗೌಣ.

ಇಲ್ಲಿ ಪೂರ್ವಪಕ್ಷದವರು ತಮಿಳು ಗಾಯಕನಟ ಎಂ. ಕೆ. ತ್ಯಾಗರಾಜ ಭಾಗವತರ್ ಅವರನ್ನು ಮುಂದೆ ತರುತ್ತಾರೆ. 1944ರ ನವೆಂಬರ್ 8ರಂದು ಮದರಾಸಿನ ವೇಪೇರಿಯಲ್ಲಿ ಪತ್ರಕರ್ತ ಲಕ್ಷ್ಮೀಕಾಂತನ್‌ಗೆ ಚೂರಿ ಹಾಕಿದಾಗ, ಭಾಗವತರ್ ಬ್ರಾಡ್‌ವೇ ಟಾಕೀಸಿನ ತೆರೆಯ ಮೇಲೆ ‘ಹರಿದಾಸ್’ ಆಗಿ ನೂರಾರು ಜನರೆದುರು ಹಾಡುತ್ತಿದ್ದರು. ಇಷ್ಟು ಸಾಕ್ಷಿಗಳಿದ್ದೂ ಆ ಕೊಲೆ ಪ್ರಕರಣದಲ್ಲಿ ಅವರು ಜೈಲು ಸೇರಿದರಲ್ಲ? ಸಮಾಧಾನ ಸುಲಭ. ಅವರ ಮೇಲಿದ್ದದ್ದು ಚೂರಿ ಹಾಕಿದ ಆರೋಪವಲ್ಲ, ಸಂಚಿನ ಆರೋಪ. ಸಂಚು ಹೂಡಲು ಪಲ್ಲವಿ ಅನುಪಲ್ಲವಿಗಳ ನಡುವಿನ ಬಿಡುವು ಸಾಕೆಂದು ವಿಚಾರಣಾ ನ್ಯಾಯಾಲಯ ಭಾವಿಸಿರಬೇಕು. ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋದ ಮೊಕದ್ದಮೆ ಮರಳಿ ಮದರಾಸ್ ಹೈಕೋರ್ಟಿಗೆ ಬಂದು 1947ರಲ್ಲಿ ಅವರು ಖುಲಾಸೆಯಾದರು. ನಮ್ಮ ಸಿದ್ಧಾಂತ ತಡವಾಗಿಯಾದರೂ ಗೆದ್ದಿತು.

ನಿರ್ದೇಶಕ ಎಸ್. ಬಾಲಚಂದರ್ ಸ್ವತಃ ವೀಣಾವಿದ್ವಾಂಸ, ಅಂಥವನು ಹಾಡನ್ನು ಕೈಬಿಡುವನೇ ಎಂಬುದು ಇನ್ನೊಂದು ಆಕ್ಷೇಪ. ಬೀಗ ಮಾಡುವವನಿಗೇ ಅಲ್ಲವೇ ಬೀಗ ಒಡೆಯುವುದು ಗೊತ್ತು? ನಿಜಕ್ಕೂ ಅನುಮಾನಿಸಬೇಕಾದದ್ದು ಸಿಐಡಿ ಶಿವಾನಂದಂ ಪಾತ್ರದ ಜಾವರ್ ಸೀತಾರಾಮನ್‌ರನ್ನು: ಚಿತ್ರಕಥೆ ಬರೆದವರೂ ಅವರೇ, ಅಪರಾಧಿಯನ್ನು ಪತ್ತೆಹಚ್ಚಿದವರೂ ಅವರೇ. ಇಷ್ಟು ನಿರ್ದುಷ್ಟ ತನಿಖೆಯನ್ನು ಪ್ರೇಕ್ಷಕರು ಸೋಲಿಸಿದ್ದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತದ್ದು ನಿಜ. ಹಾಡು ಬಂದಾಗ ಬೀಡಿ ಸೇದಲು ಎದ್ದುಹೋಗುವುದು ಅಂದಿನ ಟಾಕೀಸಿನ ಸಂಪ್ರದಾಯ. ಆ ದಾರಿ ಮುಚ್ಚಿದ್ದರಿಂದ ಇಡೀ ಸಭಾಂಗಣ ಕೊಲೆಯ ಹೊತ್ತಿಗೆ ಸ್ಥಳದಲ್ಲೇ ಹಾಜರಿತ್ತು. ಶಂಕಿತರ ಪಟ್ಟಿಗೆ ತಾನೂ ಸೇರುವುದಕ್ಕೆ ಯಾರು ತಾನೆ ಎರಡನೆಯ ಸಲ ಟಿಕೆಟ್ ಕೊಳ್ಳುತ್ತಾರೆ?