ಬಿಸಿನೀರಿನ ಇಂಗ್ಲಿಷು

ನಾನು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಇಂಗ್ಲಿಷು ಐದನೆಯ ತರಗತಿಯಲ್ಲಿ ಆರಂಭವಾಗಿ, ಬಹುಮಂದಿಯ ಪಾಲಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯೊಂದಿಗೆ ಪರಿಸಮಾಪ್ತವಾಗುತ್ತಿತ್ತು. ಆ ನಡುವಣ ವರ್ಷಗಳಲ್ಲಿ ನಮ್ಮನ್ನು ನಿಜವಾಗಿ ಆಳಿದವರು ನಮ್ಮ ಮೇಷ್ಟರ ಕಂಕುಳಲ್ಲಿ ಸದಾ ವಿರಾಜಮಾನರಾಗಿರುತ್ತಿದ್ದ ರೆನ್ ಮತ್ತು ಮಾರ್ಟಿನ್ ಎಂಬ ಜೋಡಿ ದೊರೆಗಳು. 1935ರಲ್ಲಿ ಮೊದಲು ಅಚ್ಚಾದ ಆ ವ್ಯಾಕರಣವು, ಬ್ರಿಟಿಷರು ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದ ಮೇಲೂ ಇಲ್ಲಿಯೇ ಬೀಡುಬಿಟ್ಟ ಸಂಗತಿ ಸರ್ವವಿದಿತ. ಅದನ್ನು ಬರೆದ ರೆನ್ ಮಹಾಶಯನೇ ಫ್ರೆಂಚರ ವಿದೇಶೀ ಸೈನ್ಯವನ್ನು ಕುರಿತು 'ಬೋ ಜೆಸ್ಟ್' ಎಂಬ ಸಾಹಸದ ಕಾದಂಬರಿಯನ್ನೂ ಬರೆದನೆಂದು ಬಹುಕಾಲದ ಮೇಲೆ ತಿಳಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಸಹಾರಾದ ಮರಳಿನಲ್ಲಿ ಸಿಪಾಯಿಗಳನ್ನು ಓಡಿಸಿದ ಲೇಖನಿಯೇ ದೊಡ್ಡಬಳ್ಳಾಪುರದ ಹುಡುಗರನ್ನು ಕರ್ತರಿಯಿಂದ ಕರ್ಮಣಿಗೂ ಕರ್ಮಣಿಯಿಂದ ಕರ್ತರಿಗೂ ಓಡಾಡಿಸಿತ್ತು. ತತ್ಫಲವಾಗಿ, ಶತ್ರುಗಳು ಪರಾಭವಗೊಳಿಸಲ್ಪಟ್ಟರೆಂದು ಇಂಗ್ಲಿಷಿನಲ್ಲಿ ಹೇಳಬಲ್ಲವನಾದೆನೇ ಹೊರತು ಸಾರು ಹಳಸಿದೆಯೆಂದು ಹೇಳಲು ಬಾರದೆ, ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಂಡಿತನಾಗಿ ಸೇರಿ, ಆ ಭಾಷೆಯ ಋಣ ತೀರಿತೆಂದೇ ಭಾವಿಸಿ ನಿವೃತ್ತನೂ ಆದೆನು.

ಋಣ ತೀರಿರಲಿಲ್ಲವೆಂಬುದು, ಮಗನು ತನ್ನ ಹಳೆಯ ಫೋನನ್ನು ನನಗೆ ದಯಪಾಲಿಸಿ, ಹೊತ್ತು ಹೋಗದಿದ್ದಾಗ ನೋಡಿರೆಂದು ಇಂಗ್ಲಿಷ್ ಕಲಿಸುವ ವಿಡಿಯೋಗಳ ದಾರಿಯನ್ನು ತೋರಿದ ಮೇಲೆ ಗೊತ್ತಾಯಿತು. ಬಿ.ಬಿ.ಸಿ.ಯವರು 1943ರಲ್ಲಿ, ಮಹಾಯುದ್ಧದ ಮಧ್ಯದಲ್ಲಿಯೇ, ರೇಡಿಯೋ ಮೂಲಕ ಇಂಗ್ಲಿಷ್ ಪಾಠಗಳನ್ನು ಪ್ರಾರಂಭಿಸಿದರು; ಅಲ್ಲಿ ಗುರುವಿಗೆ ಧ್ವನಿಯಿತ್ತೇ ವಿನಾ ಶರೀರವಿರಲಿಲ್ಲವಾದುದರಿಂದ ಗುರುಶಿಷ್ಯರಿಬ್ಬರ ಮರ್ಯಾದೆಯೂ ಸುರಕ್ಷಿತವಾಗಿತ್ತು. ನನಗೆ ದೊರೆತ ಗುರುವಾದರೋ ಪಾಠವನ್ನು ಹಾಸಿಗೆಯಿಂದಲೇ ಆರಂಭಿಸುವ ಒಬ್ಬ ತರುಣಿ. ಆಕೆ ಕಣ್ಣು ತೆರೆಯುವಳು, ಮೈಮುರಿಯುವಳು, ಹೊದಿಕೆ ಮಡಿಸುವಳು, ಹಲ್ಲುಜ್ಜುವಳು. ಒಂದೊಂದು ಕ್ರಿಯೆಗೂ ಒಂದೊಂದು ವಾಕ್ಯವನ್ನು ಮೂರು ಮೂರು ಬಾರಿ, ಅತ್ಯಂತ ನಿಧಾನವಾಗಿ ನುಡಿಯುವಳು. ಪರಸ್ತ್ರೀಯೊಬ್ಬಳು ಹಲ್ಲುಜ್ಜುವುದನ್ನು ವಿದ್ಯಾರ್ಜನೆಯ ನೆಪದಿಂದಲಾದರೂ ನೋಡಬಹುದೇ ಎಂಬ ಧರ್ಮಸೂಕ್ಷ್ಮವು ನನ್ನನ್ನು ಕೆಲಕಾಲ ಬಾಧಿಸಿತಾದರೂ, ಹಿಂದಿನಿಂದ ಹಣಕಿ ನೋಡಿದ ನನ್ನ ಧರ್ಮಪತ್ನಿ, "ಅದೇನು ನಲ್ಲಿ ಹಾಗೆ ಬಿಟ್ಟುಕೊಂಡೇ ಉಜ್ತಾಳೆ, ಅವರಿಗೆ ನೀರು ದಿನಾ ಬರುತ್ತೇನೋ" ಎಂದು ನಿಟ್ಟುಸಿರಿಟ್ಟುದರಿಂದ ಅದು ತಾನಾಗಿ ಪರಿಹಾರವಾಯಿತು.

ಈ ವಿಡಿಯೋಗಳ ಕರ್ತೃಗಳ ಮತದಲ್ಲಿ ದಿನಚರಿ ಮತ್ತು ಆರೋಗ್ಯ, ಇವೆರಡನ್ನುಳಿದು ಮನುಷ್ಯಜೀವನದಲ್ಲಿ ಮತ್ತೇನೂ ಇಲ್ಲ. ಅವರ ಲೋಕದಲ್ಲಿ ಪಹಣಿಯಿಲ್ಲ, ಖಾತೆ ಬದಲಾವಣೆಯಿಲ್ಲ, ದಾಯಾದಿಗಳಿಲ್ಲ, ಲಗ್ನಪತ್ರಿಕೆಗಳಿಲ್ಲ. ಇರುವುದೆಲ್ಲ ಬೆಳಗಿನ ಬಿಸಿನೀರು, ನಡಿಗೆ, ದೀರ್ಘಶ್ವಾಸ, ಹಸಿ ಸೊಪ್ಪು, ಕೃತಜ್ಞತೆ ಮತ್ತು ಎಂಟು ಗಂಟೆಯ ನಿದ್ರೆ. ಕಲಿತ ವಾಕ್ಯವನ್ನು ನಿಮ್ಮ ವಿಷಯವಾಗಿಯೇ ಗಟ್ಟಿಯಾಗಿ ಹೇಳಿಕೊಂಡರಲ್ಲದೆ ಭಾಷೆ ಕೈವಶವಾಗದೆಂದು ಗುರುವಿನ ಆದೇಶವಾಯಿತು. ನನಗೆ ಸಂಕಟವೊದಗಿದ್ದು ಇಲ್ಲಿಯೇ. ತಲೆಮಾರುಗಳ ಮಕ್ಕಳಿಗೆ ಹರಿಶ್ಚಂದ್ರನ ಕಥೆಯನ್ನು ಪಾಠ ಹೇಳಿದ ಬಾಯಿಂದ, ಕಾಫಿ ಗಂಟಲಿನಿಂದಿಳಿದ ಮರುಕ್ಷಣವೇ, 'ಐ ಸ್ಟಾರ್ಟ್ ಮೈ ಡೇ ವಿತ್ ಎ ಗ್ಲಾಸ್ ಆಫ್ ವಾರ್ಮ್ ವಾಟರ್' ಎಂಬ ಅಪ್ಪಟ ಸುಳ್ಳನ್ನು ಹೇಗೆ ಹೇಳಲಿ? ವಾಕ್ಯವನ್ನು ಬಿಟ್ಟರೆ ವಿದ್ಯೆಗೆ ದ್ರೋಹ, ಹೇಳಿದರೆ ಸತ್ಯಕ್ಕೆ ದ್ರೋಹ; ಆದಕಾರಣ ಕಾಫಿಯನ್ನೇ ಹಿಂದಕ್ಕೆ ತಳ್ಳಿ, ಬಿಸಿನೀರನ್ನು ಕುಡಿದು, ತದನಂತರ ವಾಕ್ಯವನ್ನು ನಿರ್ಭಯವಾಗಿ ಉಚ್ಚರಿಸತೊಡಗಿದೆನು. ವೈದ್ಯರು ಎಷ್ಟು ಗದರಿದರೂ ವಾಯುಸೇವನೆಗೆ ಹೊರಡದಿದ್ದವನು ಕೇವಲ ಒಂದು ಕ್ರಿಯಾಪದದ ಮಾನ ಉಳಿಸುವುದಕ್ಕಾಗಿ ನಾಗರಕೆರೆಯ ಏರಿಯ ಮೇಲೆ ನಡೆದೆನು. "ಏನೂಂದ್ರೆ, ಡಾಕ್ಟರು ಏನಾದರೂ ಹೇಳಿದ್ರೆ ನನ್ನ ಹತ್ತಿರ ಮುಚ್ಚಿಡಬೇಡಿ" ಎಂದು ಮನೆಯಾಕೆ ಕಣ್ಣು ತುಂಬಿಕೊಂಡಳು. ಕೃತಜ್ಞತೆಯ ಪಾಠ ಬಂದಾಗ, ಬೇರೆ ಪುಸ್ತಕಕ್ಕೆ ದುಡ್ಡು ಹಾಕುವುದೇಕೆಂದು ಹಾಲಿನ ಲೆಕ್ಕದ ಪುಸ್ತಕದಲ್ಲಿಯೇ ದಿನಕ್ಕೆ ಮೂರರಂತೆ ಕೃತಜ್ಞತೆಗಳನ್ನು ನಮೂದಿಸಿದೆನು. ತಿಂಗಳ ಕೊನೆಯಲ್ಲಿ ಹಾಲಿನವಳು ಅವನ್ನೂ ಕೂಡಿಸಿಕೊಂಡೇ ಬಾಕಿ ಹೇಳಿದಳು.

ಗ್ರೇಪ್‌ಫ್ರೂಟ್ ಎಂಬ ಫಲವಿಶೇಷವು ನಮ್ಮ ಪೇಟೆಯಲ್ಲಿ ದೊರಕದೆ ಹೋದಾಗ ಮಾತ್ರ ಪಾಠವೇ ನಿಂತುಹೋಗುವ ಸ್ಥಿತಿ ಒದಗಿತು. ನನ್ನ ಗುರು ಪ್ರತಿ ಬೆಳಗ್ಗೆ ಅದರ ಅರ್ಧವನ್ನು ಚಮಚದಿಂದ ತೋಡಿ ತಿನ್ನುವಳು; ವಾಕ್ಯವೂ ಅರ್ಧವೆಂದೇ ಇದ್ದಿತು. ವಿಚಾರಿಸಲಾಗಿ, ಆ ಹಣ್ಣು ಹದಿನೆಂಟನೆಯ ಶತಮಾನದಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಚಕೋತಕ್ಕೂ ಕಿತ್ತಳೆಗೂ ಹುಟ್ಟಿದ ಸಂಕರ ಸಂತಾನವೆಂದು ತಿಳಿಯಿತು. ಜನಕನೇ ಪಕ್ಕದ ದೇವನಹಳ್ಳಿಯಲ್ಲಿ, ಊರ ಹೆಸರಿನೊಡನೆ ಭೌಗೋಳಿಕ ಮಾನ್ಯತೆಯನ್ನೂ ಪಡೆದು ಮೆರೆಯುತ್ತಿರುವಾಗ, ಪರದೇಶದ ಮಗನನ್ನು ಹುಡುಕುತ್ತ ಅಲೆಯುವುದೇಕೆ? ಬಸ್ಸು ಹತ್ತಿ ಹೋಗಿ ಒಂದು ಚಕೋತವನ್ನು ಎರಡು ಕೈಗಳಲ್ಲಿ ಹೊತ್ತು ತಂದೆನು. ಬೆರಳ ದಪ್ಪದ ಸಿಪ್ಪೆಯ ಬಿಳಿಯ ಬೆಂಡಿನಲ್ಲಿ ಸಿಕ್ಕಿದ ಚಮಚವು ಬಾಗಿಹೋದ ಮೇಲೆ, ಮನೆಯಾಕೆ ಈಳಿಗೆಮಣೆಯನ್ನೆಳೆದುಕೊಂಡು, ನಸುಗೆಂಪು ತೊಳೆಗಳನ್ನು ಬಿಡಿಸಿ, ಉಪ್ಪುಖಾರ ಉದುರಿಸಿ ವಠಾರಕ್ಕೆಲ್ಲ ಹಂಚಿದಳು. ಅರ್ಧವೇ ಸಾಕಾಯಿತು. ವಾಕ್ಯದ ಸತ್ಯಕ್ಕೆ ಚ್ಯುತಿ ಬರಲಿಲ್ಲ.

ನಮ್ಮ ಬೀದಿ ನೇಕಾರರದು. ಎರಡೂ ಕಡೆಯ ಮನೆಗಳಲ್ಲಿ ವಿದ್ಯುತ್ ಮಗ್ಗಗಳು ಹಗಲಿರುಳೆನ್ನದೆ ಸದ್ದು ಮಾಡುವುದರಿಂದ, ಫೋನಿನ ಧ್ವನಿಯನ್ನು ಪರಮಾವಧಿಗೆ ಏರಿಸದೆ ಪಾಠ ಕೇಳುವುದು ಸಾಧ್ಯವಿಲ್ಲ. ಒಂದು ಮಧ್ಯಾಹ್ನ ನಾನು ಜಗುಲಿಯ ಮೇಲೆ ಶ್ವಾಸದ ಪಾಠದಲ್ಲಿ ತಲ್ಲೀನನಾಗಿದ್ದಾಗ ಥಟ್ಟನೆ ಕರೆಂಟು ಹೋಯಿತು. ಬೀದಿಯ ಅಷ್ಟೂ ಮಗ್ಗಗಳು ಏಕಕಾಲದಲ್ಲಿ ಮೂಕವಾದುವು. ಬ್ಯಾಟರಿಯ ಬಲವುಳ್ಳ ನನ್ನ ಗುರುವೊಬ್ಬಳೇ, ಆ ನೀರವದಲ್ಲಿ, 'ಟೇಕ್ ಎ ಡೀಪ್ ಬ್ರೆತ್' ಎಂದು ಈ ತುದಿಯಿಂದ ಆ ತುದಿಯವರೆಗೆ ಮೊಳಗುವಂತೆ ಆಜ್ಞಾಪಿಸಿದಳು. ಲಾಳಿ ಬದಲಿಸುತ್ತಿದ್ದ ಗಂಡಸರೂ ಕಂಡಿಕೆ ಸುತ್ತುತ್ತಿದ್ದ ಹೆಂಗಸರೂ ಬಾಗಿಲಿಗೆ ಬಂದು ನಿಂತರು. 'ನೌ ಲೆಟ್ ಇಟ್ ಗೋ' ಎಂದಳು. "ಆಗಲೇ ಹೋಯ್ತಲ್ಲ ತಾಯಿ, ಇನ್ನು ಬರೋದು ಸಂಜೆಗೇ" ಎಂದರು ಎದುರುಮನೆಯ ಮಗ್ಗದ ಯಜಮಾನರು. ಅಂದಿನಿಂದ ಕರೆಂಟು ಹೋದಾಗಲೆಲ್ಲ ನಮ್ಮ ಬೀದಿಯ ಹುಡುಗರು ಆ ಎರಡು ವಾಕ್ಯಗಳನ್ನು ಕೂಗುತ್ತಾರೆ. ಅವರ ಉಚ್ಚಾರಣೆ ನನ್ನದಕ್ಕಿಂತ ಎಷ್ಟೋ ಮೇಲು.

ವಿಚಿತ್ರವೆಂದರೆ, ನನ್ನಂಥವರು ಇಂಗ್ಲಿಷಿನ ಸಲುವಾಗಿ ಆರೋಗ್ಯದ ಪಾಠ ಕೇಳುತ್ತಿರಲು, ಇಂಗ್ಲಿಷಿನ ಒಡೆಯರು ಆರೋಗ್ಯದ ಸಲುವಾಗಿ ನಮ್ಮ ಜಿಲ್ಲೆಗೇ ಬರುತ್ತಿದ್ದಾರೆ. 2024ರ ಅಕ್ಟೋಬರಿನ ಕೊನೆಯಲ್ಲಿ ಸಾಕ್ಷಾತ್ ಮೂರನೆಯ ಚಾರ್ಲ್ಸ್ ದೊರೆಯೇ ರಾಣಿಯೊಡನೆ ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಲ್ಲಿರುವ ಸೌಖ್ಯ ಚಿಕಿತ್ಸಾಲಯದಲ್ಲಿ ಬಂದು ತಂಗಿದ್ದನು. ಯುವರಾಜನಾಗಿದ್ದಾಗ, 2019ರಲ್ಲಿಯೂ ಬಂದಿದ್ದನು. ಅತ್ತ ನೆಲಮಂಗಲದ ದಿಕ್ಕಿನಲ್ಲಿ ಜಿಂದಾಲರ ಪ್ರಕೃತಿ ಚಿಕಿತ್ಸಾಲಯವು ನಾಲ್ಕು ದಶಕಗಳಿಗೂ ಹಿಂದಿನಿಂದ ಇದೆ; ಈಚೆಗೆ ಧರ್ಮಸ್ಥಳದವರ ಕ್ಷೇಮವನವೂ ಆಗಿದೆ. ನಮ್ಮ ಅಜ್ಜಿಯರು ಏಕಾದಶಿಯ ದಿನ ಬಿಟ್ಟಿಯಾಗಿ ಮಾಡುತ್ತಿದ್ದ ಉಪವಾಸವನ್ನು ಶ್ರೀಮಂತರು ಹಣ ತೆತ್ತು ಕೈಗೊಳ್ಳುವುದನ್ನು ನೋಡಿದರೆ, ಅಜ್ಜಿಯರು ಎಷ್ಟು ಆದಾಯವನ್ನು ಕಳೆದುಕೊಂಡರೆಂದು ವ್ಯಸನವಾಗುತ್ತದೆ.

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ತರುವಾಯ ನನ್ನ ಶಿಷ್ಯರಲ್ಲಿ ಹಲವರು ಟ್ಯಾಕ್ಸಿ ಹಿಡಿದರು. ಅವರಲ್ಲೊಬ್ಬನು ವಿದೇಶೀ ಮಹಿಳೆಯೊಬ್ಬರನ್ನು ನಿಲ್ದಾಣದಿಂದ ನೆಲಮಂಗಲದ ಕಡೆಗೆ ಕರೆದೊಯ್ಯುವಾಗ, "ಮೇಷ್ಟ್ರೇ, ಇವರಿಗೆ ರೇಷ್ಮೆ ಮಗ್ಗ ನೋಡಬೇಕಂತೆ" ಎಂದು ನಮ್ಮ ಬಾಗಿಲಲ್ಲಿ ಇಳಿಸಿದನು. ಜಗುಲಿಯ ಮೇಲೆ ಎಳನೀರು ಕೊಟ್ಟು ನಾನು ಬಾಯಿ ತೆರೆದೆನು. ಹರಿಯಿತು ನೋಡಿ ಇಂಗ್ಲಿಷು! ಬೆಳಗ್ಗೆ ಬಿಸಿನೀರಿನಿಂದ ದಿನವನ್ನು ಆರಂಭಿಸುತ್ತೇನೆಂದೆ. ಆಕೆಯೂ ಹಾಗೆಯೇ ಎಂದರು. ನಿದ್ರೆ ಎಷ್ಟು ಗಂಟೆ, ಮಧ್ಯೆ ಎಚ್ಚರವಾಗುವುದೇ, ಸಕ್ಕರೆ ಬಿಟ್ಟಿದ್ದೀರಾ, ಜೀರ್ಣಶಕ್ತಿ ಹೇಗೆ? ಘಾಟಿ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತರು ನಡೆಸುವಷ್ಟು ಸಾಂಗವಾದ ವಿಚಾರಣೆ ಉಭಯತರಿಂದಲೂ ನಡೆದು, ಎಲ್ಲಿಯೂ ಒಂದು ಶಬ್ದಕ್ಕೆ ತಡವರಿಸುವ ಪ್ರಸಂಗವೇ ಬರಲಿಲ್ಲ. ನನ್ನ ಗುರು ಕಲಿಸಿದ ಇಂಗ್ಲಿಷನ್ನೇ ಆಡುವವರು ಭೂಲೋಕದಲ್ಲಿದ್ದಾರೆಂದು ನನಗೆ ರೋಮಾಂಚನವಾಯಿತು.

ಆಕೆ ಎದ್ದು ಎದುರುಮನೆಯ ಮಗ್ಗ ನೋಡಲು ಹೋದೊಡನೆ ಮನೆಯಾಕೆ ಬಾಗಿಲಿಗೆ ಬಂದು, "ಯಾವೂರಂತೆ? ಮಕ್ಕಳೆಷ್ಟಂತೆ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಹೆಸರೂ ಗೊತ್ತಿರಲಿಲ್ಲ. "ಅಷ್ಟು ಹೊತ್ತು ಇಂಗ್ಲಿಷಿನಲ್ಲಿ ಮಾತಾಡಿದ್ರಲ್ಲ, ಹೋಗಲಿ, ಊಟ ಆಯ್ತೇ ಅಂತಾದರೂ ಕೇಳಿದ್ರಾ? ಚಿತ್ರಾನ್ನ ಕಲಸಿಟ್ಟಿದ್ದೀನಿ."

ಕಾರಿಗೆ ಒರಗಿ ನಿಂತಿದ್ದ ಶಿಷ್ಯನು ಅಲ್ಲಿಂದಲೇ ಹೇಳಿದನು: "ಬೇಡಿ ಅಮ್ಮಾ, ಅವರು ಅಷ್ಟೊಂದು ದುಡ್ಡು ಕಟ್ಟಿ ಹೋಗ್ತಿರೋದೇ ಊಟ ಬಿಡೋದಕ್ಕೆ."