ಚಾಸಿ ಗಟ್ಟಿಯಿದೆ!

ಹಳೇ ಜೀಪಿನ ಯಜಮಾನರನ್ನು ಗುರುತಿಸಲು ಜೀಪು ಕಣ್ಣಿಗೆ ಬೀಳಬೇಕೆಂದೇನಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ, ಇಸ್ತ್ರಿ ಮಾಡಿದ ಅಂಗಿಯ ಬೆನ್ನಿಗೆ ಗ್ರೀಸ್ ಮೆತ್ತಿಕೊಂಡು, ಪಕ್ಕದ ಎಲೆಯವನಿಗೆ “ಎಂಜಿನ್ ಹೋದ್ರೆ ಹೋಗ್ಲಿ ಮಾರಾಯ, ಚಾಸಿ ಗಟ್ಟಿ ಇರ್ಬೇಕು” ಎನ್ನುತ್ತಿರುವವರು ಯಾರೋ, ಅವರೇ. ಕೊಪ್ಪ, ಕಳಸ, ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಎಂದು ಮಳೆ ಜಾಸ್ತಿ, ರಸ್ತೆ ಕಮ್ಮಿ ಇರುವಲ್ಲೆಲ್ಲ ಈ ತಳಿ ಹುಲುಸಾಗಿದೆ.

ಇವರಿಗೆ ಇತಿಹಾಸ ಬಾಯಿಪಾಠ. 1941ರಲ್ಲಿ ವಿಲ್ಲೀಸ್ ಕಂಪನಿ ಅಮೆರಿಕದ ಸೈನ್ಯಕ್ಕೆ ಜೀಪು ಮಾಡಿಕೊಟ್ಟಿದ್ದು, 1947ರಲ್ಲಿ ಮಹೀಂದ್ರದವರು ಬಿಡಿಭಾಗ ತರಿಸಿ ಇಲ್ಲಿ ಜೋಡಿಸತೊಡಗಿದ್ದು, ಇದೆಲ್ಲ ಸಾರಿನ ಹೊತ್ತಿಗೆ ಶುರುವಾದರೆ ಪಾಯಸದ ಹೊತ್ತಿಗೆ ಮುಗಿಯುತ್ತದೆ. ಗ್ಯಾರೇಜಿನಲ್ಲಿ ಸುರಿದ ದುಡ್ಡಿನ ಲೆಕ್ಕ ಮಾತ್ರ ಆ ಇತಿಹಾಸದಲ್ಲಿ ಬರುವುದಿಲ್ಲ. ಇನ್ನೊಬ್ಬರ ಗಾಡಿ ಎದುರಾದರೆ ಮೊದಲು ಬಗ್ಗಿ ಅಡಿ ನೋಡುತ್ತಾರೆ, ಆಮೇಲೆ ಗಾಡಿಯವನ ಮುಖ.

ನನ್ನ ಪಾಲಿಗೆ ಬಂದವರು ಕೊಪ್ಪದ ಕಡೆಯ ನನ್ನ ಭಾವ, ದೊಡ್ಡಕ್ಕನ ಯಜಮಾನರು. ನಾನು ಸಾಲ ಮಾಡಿ ಹೊಸ ಕಾರು ಕೊಂಡು ಮೊದಲ ಸಲ ಅವರ ಅಂಗಳಕ್ಕೆ ಇಳಿಸಿದಾಗ, ಒಳಗೆ ಬಾ ಎನ್ನುವ ಮೊದಲೇ ಮೊಣಕಾಲೂರಿ ಅದರ ಅಡಿಗೆ ಟಾರ್ಚ್ ಬಿಟ್ಟರು. ಎದ್ದವರು ಕನಿಕರದಿಂದ ನನ್ನ ಭುಜ ತಟ್ಟಿದರು. “ಇದಕ್ಕೆ ಚಾಸಿಯೇ ಇಲ್ಲವಲ್ಲೋ!” ಸಣ್ಣ ಕಾರುಗಳಿಗೆಲ್ಲ ಈಗ ಬಾಡಿಯೇ ಚಾಸಿ, ಬೇರೆ ಚೌಕಟ್ಟು ಇರುವುದಿಲ್ಲ ಎಂದು ವಿವರಿಸಿದೆ. “ಅದೇ ನಾನೂ ಹೇಳಿದ್ದು. ಡಬ್ಬಿಗೆ ಚಕ್ರ ಕಟ್ಟಿ ಕೊಟ್ಟಿದ್ದಾರೆ” ಎಂದರು. ಅಂದಿನಿಂದ ಅಕ್ಕನ ಮನೆಯಲ್ಲಿ ನನ್ನ ಕಾರಿನ ಹೆಸರು ಡಬ್ಬಿ.

ಅವರ ಜೀಪಿನಲ್ಲಿ ಕಾರ್ಖಾನೆಯಿಂದ ಬಂದದ್ದು ಎಂದು ಉಳಿದಿರುವುದು ಚಾಸಿ ಒಂದೇ. ಎಂಜಿನ್ ಬೇರೆಯದು, ಗೇರ್‌ಬಾಕ್ಸ್ ಇನ್ನೆಲ್ಲಿಯದೋ, ಬಾಡಿ ತುಕ್ಕು ಹಿಡಿದು ಹೊಸದಾಗಿ ಕಟ್ಟಿಸಿದ್ದು. ಆದರೂ ಗಾಡಿ ಅದೇ. ಯಾಕೆಂದರೆ ಆರ್‌ಟಿಒ ಆಫೀಸಿಗೆ ಬೇಕಾದ ನಂಬರು ಹೊಡೆದಿರುವುದು ಚಾಸಿಯ ಮೇಲೆ. ಹದಿನೈದು ವರ್ಷ ಕಳೆದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ರಿಜಿಸ್ಟ್ರೇಷನ್ ನವೀಕರಿಸಬೇಕಲ್ಲ, ಆಗ ಆ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವ ಕೆಲಸವನ್ನು ಭಾವ ಯಾರಿಗೂ ಬಿಟ್ಟುಕೊಡುವುದಿಲ್ಲ. ಸ್ನಾನ ಮಾಡಿಯೇ ಕೂರುತ್ತಾರೆ.

ಇಂಥ ಚಾಸಿಯೇ ಬಿರುಕು ಬಿಟ್ಟ ಮಳೆಗಾಲದಲ್ಲಿ, ನನ್ನ ಗ್ರಹಚಾರಕ್ಕೆ, ನಾನು ಅಲ್ಲಿದ್ದೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಎಲ್ಲೋ ಕಿರ್ರೆನ್ನುತ್ತಿತ್ತು. ಭಾವ ಗೋಣಿಚೀಲ ಹಾಸಿ ಜೀಪಿನಡಿ ನುಗ್ಗಿದರು, ಟಾರ್ಚ್ ಹಿಡಿಯಲು ನನ್ನನ್ನೂ ಎಳೆದುಕೊಂಡರು. ಎಷ್ಟೋ ವರ್ಷದ ಕೆಸರು, ಗೊಬ್ಬರ, ಗ್ರೀಸು ಎಲ್ಲ ಕೆರೆದಾದ ಮೇಲೆ ಸ್ಟೇರಿಂಗ್ ಬಾಕ್ಸ್ ಕೂರುವ ಜಾಗಕ್ಕೆ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿದರು. ನೋಡುತ್ತಿದ್ದಂತೆ ಬಿಳಿ ಪುಡಿಯ ಮೇಲೆ ಒಂದು ಒದ್ದೆ ಗೆರೆ ತಾನಾಗಿ ಮೂಡತೊಡಗಿತು. ಬಿರುಕಿನೊಳಗೆ ಸೇರಿದ್ದ ಎಣ್ಣೆ ಹೊರಗೆ ಜಿನುಗಿ ತನ್ನ ದಾರಿಯನ್ನು ತಾನೇ ಬರೆದು ತೋರಿಸುತ್ತಿತ್ತು. ಗೆರೆ ಹೊರಟದ್ದು ಹಿಂದೊಮ್ಮೆ ಭಾವನೇ ನಿಂತು ಹಾಕಿಸಿದ್ದ ದಪ್ಪ ಪಟ್ಟಿಯ ಅಂಚಿನಿಂದ, ಪಟ್ಟಿಯ ಪಕ್ಕಪಕ್ಕಕ್ಕೇ.

“ರಸ್ತೆ ಸರಿ ಇಲ್ಲ” ಎಂದರು ಭಾವ.

ಗ್ಯಾರೇಜಿನ ಸಾಯ್ಬರು ಮಿತಭಾಷಿ. ಬ್ಯಾಟರಿ ಕನೆಕ್ಷನ್ ತೆಗೆದು, ಡೀಸೆಲ್ ಟ್ಯಾಂಕ್ ಬಿಚ್ಚಿ ದೂರ ಇಡಿಸಿದರು. ಚಾಸಿಯ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿದರು. ಎರಡು ಅಳತೆ ಒಂದೇ ಬಂದರೆ ಚಾಸಿ ಸೊಟ್ಟಗಾಗಿಲ್ಲ ಎಂದರ್ಥ. ಬಂತು. ಹಳೇ ಪಟ್ಟಿಯನ್ನು ಗ್ರೈಂಡರ್ ಹಿಡಿದು ಕಿತ್ತರು. ಆಮೇಲೆ ಬಿರುಕು ಮುಗಿಯುವ ತುದಿ ಹುಡುಕಿ, ಸರಿಯಾಗಿ ಅಲ್ಲಿಗೆ ಡ್ರಿಲ್ ಇಟ್ಟು ತೂತು ಕೊರೆದರು. ಒಡೆದಿರುವುದಕ್ಕೆ ಮೇಲಿಂದ ತೂತು ಬೇರೆಯೇ ಎಂದು ನಾನು ಬಾಯಿಬಿಟ್ಟೆ. “ತುದಿ ಚೂಪಾಗಿದ್ರೆ ಬಿರುಕು ಓಡ್ತಾನೇ ಇರ್ತದೆ ಸಾರ್. ದುಂಡು ಮಾಡಿದ್ರೆ ನಿಲ್ತದೆ” ಎಂದರು. ಬಿರುಕಿನುದ್ದಕ್ಕೂ ಉಜ್ಜಿ ಕಾಲುವೆ ತೆಗೆದು, ಒಲೆಯ ಹತ್ತಿರ ಬೆಚ್ಚಗಿಟ್ಟಿದ್ದ ವೆಲ್ಡಿಂಗ್ ರಾಡ್ ತಂದು ತುಂಬಿಸಿದರು. ಮಲೆನಾಡಿನ ಮಳೆಗಾಲದ ಥಂಡಿ ಹೀರಿದ ರಾಡಿನಲ್ಲಿ ಹಾಕಿದ ಬೆಸುಗೆ ತಾನೇ ಬಿರುಕು ಬಿಡುತ್ತದಂತೆ.

ಜಗಳ ಶುರುವಾದದ್ದು ಪಟ್ಟಿಯ ವಿಷಯಕ್ಕೆ. ಭಾವ ಅರ್ಧ ಇಂಚು ದಪ್ಪದ ಪ್ಲೇಟೊಂದನ್ನು ಮನೆಯಿಂದಲೇ ಹೊತ್ತು ತಂದಿದ್ದರು. ಸಾಯ್ಬರು ಅದನ್ನು ನೋಡಿದರು, ಭಾವನನ್ನು ನೋಡಿದರು, ಬೀಡಿ ಹಚ್ಚಿದರು.

“ಗೌಡ್ರೇ, ಪಟ್ಟಿ ಚಾಸಿಗಿಂತ ದಪ್ಪ ಇರಬಾರ್ದು.”

“ಗಟ್ಟಿ ಆಗ್ಲಿ ಅಂತ ಅಲ್ವಾ ಹಾಕ್ಸೋದು?”

“ಗುಂಡಿಗೆ ಇಳಿದಾಗ ಚಾಸಿ ಒಂಚೂರು ತಿರುಚ್ಕೊಳ್ಬೇಕು. ಒಂದು ಕಡೆ ಅಲ್ಲಾಡದ ಹಾಗೆ ಮಾಡಿದ್ರೆ, ಆ ಅಲ್ಲಾಟ ಎಲ್ಲ ಪಕ್ಕದ ಜಾಗದ ಮೇಲೆ ಬೀಳ್ತದೆ. ಹೋದ ಸಲ ನೀವು ದಪ್ಪ ಹಾಕ್ಸಿದ್ರಿ. ಅದು ಮುರೀಲಿಲ್ಲ. ಪಕ್ಕದ್ದು ಮುರೀತು.”

ಅವರು ಕತ್ತರಿಸಿದ ಪಟ್ಟಿ ತೆಳು, ಉದ್ದ, ಎರಡೂ ತುದಿ ಓರೆ. ಮೇಲಿಂದ ಕೆಳಕ್ಕೆ ನೆಟ್ಟಗೆ ಬೆಸುಗೆ ಎಳೆಯಲಿಲ್ಲ. ಹಾಗೆ ಎಳೆದರೆ ಮುಂದೆ ಎಲ್ಲಿ ಮುರಿಯಬೇಕೆಂದು ಗೆರೆ ಹಾಕಿಕೊಟ್ಟಂತೆ ಎಂದರು. ಅಷ್ಟೂ ಹೊತ್ತು ಭಾವ ಅರ್ಧ ಇಂಚಿನ ಪ್ಲೇಟನ್ನು ಕಂಕುಳಲ್ಲೇ ಇಟ್ಟುಕೊಂಡು “ಇನ್ನೊಂದು ಹಾಕಿ ಸಾಯ್ಬ್ರೇ, ಸಣ್ಣದೊಂದು” ಎನ್ನುತ್ತ ಸುತ್ತುತ್ತಿದ್ದರು. ಹೀಗೆ ಸುತ್ತುವಾಗ ಅವರ ಸೊಂಟಕ್ಕೆ ಡಾಕ್ಟರು ಕಟ್ಟಿಸಿದ್ದ ಬೆಲ್ಟು ಅಂಗಿಯೊಳಗಿಂದ ಉಬ್ಬಿ ಕಾಣುತ್ತಿತ್ತು. ಜೀಪಿಗೂ ಯಜಮಾನರಿಗೂ ಒಂದೇ ಚಿಕಿತ್ಸೆ, ಗ್ಯಾರೇಜು ಮಾತ್ರ ಬೇರೆ.

ಇಷ್ಟೆಲ್ಲ ರೇಗಿಸಿದರೂ ಒಂದು ಮಾತು ಒಪ್ಪಬೇಕು. ಜುಲೈ ತಿಂಗಳ ನಡುರಾತ್ರಿ ಹಳ್ಳ ಉಕ್ಕಿ, ಮೇಲಿನ ಮನೆಯ ಬಸುರಿಗೆ ನೋವು ಶುರುವಾದರೆ ಜನ ಓಡಿ ಬರುವುದು ಭಾವನ ಬಾಗಿಲಿಗೇ. ಆಗ ನನ್ನ ಡಬ್ಬಿ ಕೊಟ್ಟಿಗೆಯ ಪಕ್ಕ ಮುದುರಿ ನಿಂತಿರುತ್ತದೆ. ಜೀಪು ಫೋರ್‌ವೀಲ್ ಹಾಕಿಕೊಂಡು, ಲೋ ಗೇರಿನಲ್ಲಿ ಗುರುಗುಟ್ಟುತ್ತ ಜಾರುವ ದರೆ ಹತ್ತುತ್ತದೆ. ಬಾಡಿಗೆ ಎಷ್ಟು ಎಂದು ಕೇಳಿದರೆ ಭಾವನಿಗೆ ಸಿಟ್ಟು, ಡೀಸೆಲ್ ಖರ್ಚಿಗೆ ಇರಲಿ ಎಂದರೆ ಇನ್ನೂ ಸಿಟ್ಟು. “ಗಾಡಿ ಎಂಥಾ ಗಟ್ಟಿ ಗೌಡ್ರೇ” ಅಂದರೆ ಸಾಕು, ಕಾಫಿ ಕುಡಿಸಿ ಕಳಿಸುತ್ತಾರೆ.

ಸಾಯ್ಬರ ಮಾತು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಹಳದಿ ಎಲೆ ರೋಗಕ್ಕೆ ತೋಟದ ಅಡಿಕೆ ಮರ ಸೊರಗುತ್ತಿವೆ, ಕೆಲಸ ಬಿಟ್ಟು ಊರಿಗೆ ಬರುತ್ತೇನೆ, ಕಾಫಿ ಹಾಕೋಣ ಎಂದು ಮಗ ಕೇಳಿದಾಗ ಭಾವ ಅಲ್ಲಾಡಲಿಲ್ಲ. ಅಪ್ಪ ನೆಟ್ಟ ಅಡಿಕೆ, ಇದ್ದರೆ ಅಡಿಕೆ. ಮಗನೂ ಅವರ ಮಗನೇ, ಅವನೂ ಅಲ್ಲಾಡಲಿಲ್ಲ. ಈಗ ಹಬ್ಬಕ್ಕೆ ಬಂದರೆ ಇಬ್ಬರೂ ಅಕ್ಕಪಕ್ಕ ಕೂತು ಉಂಡು, ಜೀಪಿನ ವಿಷಯ ಮಾತಾಡಿ, ಚೆನ್ನಾಗಿಯೇ ಇರುತ್ತಾರೆ. ರಾತ್ರಿ ನಿದ್ದೆ ಬಾರದೆ ಎದ್ದು ಕೂತು ಬಿಪಿ ಮಾತ್ರೆ ಹುಡುಕುವವಳು ಅಕ್ಕ. ಎರಡು ಗಟ್ಟಿಗಳ ನಡುವೆ ಇರುವವರೇ ಎಲ್ಲ ಮನೆಯಲ್ಲೂ ತಿರುಚಿಕೊಳ್ಳಬೇಕಾಗುತ್ತದೆ. ಒಂಚೂರು ಬಾಗುವುದನ್ನು ನಾವು ಗಂಡಸರು ಯಾಕೆ ಸೋಲು ಅಂದುಕೊಳ್ಳುತ್ತೇವೋ. ಇರಲಿ, ಜೀಪಿನ ಕಥೆ ಹೇಳಲು ಬಂದವನು ಪುರಾಣ ಶುರುಮಾಡಿದೆ. ಭಾವನ ಸಹವಾಸ.

ಕೆಲಸ ಮುಗಿದು ರೆಡ್ ಆಕ್ಸೈಡ್ ಬಳಿದಾದ ಮೇಲೆ ದುಡ್ಡು ತಂದುಕೊಟ್ಟವಳು ಅಕ್ಕ. ಒಳಗಿನ ಕಡೆ ಭಾವನ ಪ್ಲೇಟಿನಿಂದ ಕೊಯ್ದ ಅಂಗೈಯಗಲದ ಒಂದು ತುಂಡು, ಏನೂ ಭಾರ ಬೀಳದ ಜಾಗದಲ್ಲಿ, ಎರಡು ಚುಕ್ಕೆ ಬೆಸುಗೆಯಲ್ಲಿ ಕೂತಿತ್ತು. ಭಾವ ಅದನ್ನು ಮುಟ್ಟಿ ಮುಟ್ಟಿ ಸಂತೋಷಪಡುತ್ತಿದ್ದರು.

“ಬೇಡ ಅಂತ ನೀವೇ ಹೇಳಿದ್ರಲ್ಲ ಸಾಯ್ಬ್ರೇ, ಮತ್ತೆ ಇದ್ಯಾಕೆ?” ಎಂದಳು ಅಕ್ಕ.

ಸಾಯ್ಬರು ದನಿ ತಗ್ಗಿಸಿದರು. “ಹಾಕಲ್ಲ ಅಂದ್ರೆ ಇವರು ಇನ್ನೊಂದು ಗ್ಯಾರೇಜಿಗೆ ಹೋಗಿ ಅಷ್ಟೂ ಪ್ಲೇಟ್ ಹೊಡೆಸ್ಕೊಂಡು ಬರ್ತಾರಮ್ಮಾ.”